ನಗುಮುಖ ಒತ್ತಿದ ಓರಗಿತ್ತಿಯರು

ಆ ಹೊಸ ದೊಡ್ಡ ಕಾರನ್ನು ಅಂಗಡಿಗೆ ಬಿಡುವ ಮೊದಲು ಕಂಪನಿಯವರು ಮನೆ ಬಾಗಿಲಿಗೆ ವ್ಯಾನು ಕಳಿಸಿ, ಬಡಾಯಜ್ಜಿಯನ್ನು ಕರೆಸಿಕೊಂಡು, ಎದುರಿಗೆ ಕೈಕಟ್ಟಿ ನಿಂತು, ಇದನ್ನು ಮಾರಬಹುದೇ ತಾಯಿ ಎಂದು ಅಪ್ಪಣೆ ಕೇಳಿದರು. ಇದರಲ್ಲಿ ಅರ್ಧ ಸುಳ್ಳು. ವ್ಯಾನು ಕಳಿಸಿದ್ದು ನಿಜ, ಕರೆಸಿಕೊಂಡದ್ದೂ ನಿಜ. ಕೈಕಟ್ಟಿ ಯಾರೂ ನಿಲ್ಲಲಿಲ್ಲ. ಅಪ್ಪಣೆಯ ಮಾತಂತೂ ಅಜ್ಜಿ ಆಮೇಲೆ ತಾನೇ ಸೇರಿಸಿಕೊಂಡದ್ದು. ಅವಳ ಕಿವಿಯಲ್ಲಿ ಇಲಿ ಹೊಕ್ಕರೆ ಬಾಯಲ್ಲಿ ಆನೆಯಾಗಿ ಹೊರಬರುತ್ತದೆ ಎಂಬುದು ಬೀದಿಗೆಲ್ಲ ಗೊತ್ತು, ಅದಕ್ಕೇ ಬಡಾಯಜ್ಜಿ ಎಂಬ ಹೆಸರು. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿದೆ.

ಕಂಪನಿಗೆ ಬೇಕಾಗಿದ್ದದ್ದು ಅಜ್ಜಿಯ ಅಪ್ಪಣೆಯಲ್ಲ, ಅವಳ ಮೊಣಕಾಲು.

ಅಜ್ಜಿಯ ಸೊಸೆ ಆ ಕಂಪನಿಯ ಮಾದರಿ ಕಾರು ಕಟ್ಟುವ ಶೆಡ್ಡಿನಲ್ಲಿ ಸೀಟುಗಳಿಗೆ ಚರ್ಮ ಹೊಲಿಯುತ್ತಿದ್ದಳು. ಶ್ರೀಮಂತರು ಕೊಳ್ಳುವ ದೊಡ್ಡ ಎಸ್‌ಯುವಿ ಒಂದನ್ನು ಅಲ್ಲಿ ಹೊಸದಾಗಿ ರೂಪಿಸುತ್ತಿದ್ದರು. ಕಂಪನಿ ಅದಕ್ಕೆ ಮೊದಲು ಮಾರಿದ್ದ ಹಳೇ ಕಾರು ನೋಡಲು ಆನೆ, ಹತ್ತಲು ಬೆಟ್ಟ ಎಂದು ಕೊಂಡವರೇ ದೂರುತ್ತಿದ್ದರಂತೆ. ವಯಸ್ಸಾದವರು, ಅದರಲ್ಲೂ ಕಾಲುನೋವಿನವರು ಬಂದು ಹತ್ತಿ ಇಳಿದು ತೋರಿಸಬೇಕು ಎಂದು ಹುಡುಕುತ್ತಿದ್ದಾಗ ಸೊಸೆ ಎರಡನೇ ಸಲ ಯೋಚಿಸದೆ, ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ ಎಂದುಬಿಟ್ಟಳು.

ಇನ್ನೊಬ್ಬಳು ಅಜ್ಜಿಯ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡು, ಮುಂದಿನ ಕೋಣೆ ಹಿರಿಯಳಿಗೆ, ಹಿಂದಿನ ಕೋಣೆ ಕಿರಿಯಳಿಗೆ ಎಂದು ಹಂಚಿಕೊಂಡು ಕೂತವರು. ಈ ಮನೆಗೆ ಸೊಸೆಯರಾಗಿ ಬಂದಂದಿನಿಂದ ಉಪ್ಪು, ಸಕ್ಕರೆ, ನೆಗಡಿ, ಜ್ವರ ಎಲ್ಲ ಹಂಚಿಕೊಂಡಿದ್ದರು. ಸೋಲನ್ನು ಮಾತ್ರ ಇಬ್ಬರೂ ಮುಟ್ಟುತ್ತಿರಲಿಲ್ಲ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವವರು ಯಾರು, ನೆಲದಿಂದ ಕೈಯೂರದೆ ಏಳುವವರು ಯಾರು ಎಂಬ ಪಂದ್ಯ ಪ್ರತಿದಿನವೂ ಬಾಯಿಬಿಡದೆ ನಡೆಯುತ್ತಿತ್ತು. ಬೆಳಗಾದರೆ ಒಬ್ಬಳು ಅಡಿಗೆಮನೆಗೆ ಬಂದು, ಮೊಣಕಾಲಲ್ಲಿ ಯಾರೋ ಮೊಳೆ ಹೊಡೀತಿದ್ದಾರೆ ಎಂದು ಸೊಸೆಯ ಕಿವಿಯಲ್ಲಿ ಹೇಳಿ ಹೋಗುವಳು. ಅವಳು ಹೋದ ಮೇಲೆ ಇನ್ನೊಬ್ಬಳು ಬಂದು ಅದೇ ಮೊಳೆಯನ್ನು ಇನ್ನಷ್ಟು ಉದ್ದ ಮಾಡಿ ಹೇಳುವಳು. ಎದುರುಬದುರಾದರೆ ಇಬ್ಬರ ಕಾಲೂ ಜಿಂಕೆಯ ಕಾಲು.

ಶೆಡ್ಡಿನ ಒಂದು ಮೂಲೆಯಲ್ಲಿ ಮರದ ಕಾರು ನಿಂತಿತ್ತು. ಚಕ್ರವಿಲ್ಲ, ಎಂಜಿನ್ ಇಲ್ಲ, ಮೈಯೆಲ್ಲ ಪ್ಲೈವುಡ್. ಒಳಗೆ ಮಾತ್ರ ಎಲ್ಲ ಅಸಲಿ, ಸೊಸೆಯೇ ಹೊಲಿದ ಹಾಲುಬಣ್ಣದ ಚರ್ಮ, ಕಾಲಿಟ್ಟರೆ ಹೂತುಹೋಗುವ ರತ್ನಗಂಬಳಿ. ಅದನ್ನು ಕಂಡದ್ದೇ ಇಬ್ಬರೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. ಹಾಕಿಕೊಂಡೇ ಬನ್ನಿ ಎಂದು ಎಷ್ಟು ಹೇಳಿದರೂ, ಇಂಥದನ್ನು ತುಳಿಯಲು ನಮಗೆ ಎಷ್ಟು ಧೈರ್ಯ ಬೇಕು ಎಂದು ಅಜ್ಜಿ ಚಪ್ಪಲಿಯನ್ನು ಇನ್ನೂ ದೂರ ಸರಿಸಿದಳು.

ಅವರನ್ನು ನೋಡಿಕೊಳ್ಳಲು ಕತ್ತಿಗೆ ಟೇಪು ನೇತುಹಾಕಿಕೊಂಡ ಒಬ್ಬಳು ಹುಡುಗಿ ಇದ್ದಳು. ಮನುಷ್ಯರ ಮೈಗೆ ಕಾರನ್ನು ಹೊಂದಿಸುವುದೇ ಅವಳ ಕೆಲಸ. ಅಳತೆ ಹುಡುಗಿ ಎಂದು ಅಜ್ಜಿ ಆಗಲೇ ಹೆಸರಿಟ್ಟಳು. ಆ ಹುಡುಗಿ ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, ಅಜ್ಜಿಯ ಮೊಣಕಾಲಿನ ಚಿಪ್ಪಿನ ಸುತ್ತ ಎರಡು ಬೆರಳಿಂದ ಮೆಲ್ಲಗೆ ಒತ್ತುತ್ತಾ, ಎಲ್ಲಿ ನೋಯುತ್ತದೆ, ಹತ್ತುವಾಗ ಹೆಚ್ಚೋ ಇಳಿಯುವಾಗ ಹೆಚ್ಚೋ ಎಂದು ಕೇಳಿದಳು. ಕೇಳಿ ಸುಮ್ಮನಾಗಲಿಲ್ಲ, ಉತ್ತರ ಬರುವವರೆಗೆ ಮುಖ ನೋಡುತ್ತಾ ಕಾದಳು. ಇಷ್ಟು ವರ್ಷದಲ್ಲಿ ಅಜ್ಜಿಯ ಮೊಣಕಾಲಿನ ಕ್ಷೇಮಸಮಾಚಾರವನ್ನು ಯಾರೂ ಹಾಗೆ ವಿಚಾರಿಸಿರಲಿಲ್ಲ. ಡಾಕ್ಟರು ಮುಖವೆತ್ತದೆ ವಯಸ್ಸಾಯಿತಲ್ಲ ಎಂದು ಬರೆದುಕೊಡುತ್ತಿದ್ದರು. ಹೇಳಬೇಕೆಂದರೆ ಒಂದು ಪುರಾಣವೇ ಇತ್ತು. ಆದರೆ ಪಕ್ಕದಲ್ಲಿ ಓರಗಿತ್ತಿ ಕಿವಿ ನೆಟ್ಟಗೆ ಮಾಡಿ ಕೂತಿದ್ದಳು. ಚಳಿಗಾಲದಲ್ಲಿ ಒಂಚೂರು ಹಿಡಿದುಕೊಳ್ಳುತ್ತದೆ, ಅಷ್ಟೇ ಎಂದು ಅಜ್ಜಿ ಪುರಾಣವನ್ನು ನುಂಗಿಕೊಂಡಳು. ಓರಗಿತ್ತಿ ತನಗೆ ಅದೂ ಇಲ್ಲ ಎಂದಳು.

ಮೊದಲು ಹುಡುಗಿ ಇಬ್ಬರನ್ನೂ ಕೈಹಿಡಿದು ಒಳಗೆ ಕೂರಿಸಿ ಕಾರಿನ ಬೆಡಗನ್ನೆಲ್ಲ ತೋರಿಸಿದಳು. ಗುಂಡಿಯೊತ್ತಿದರೆ ಸೀಟು ಹಿಂದಕ್ಕೆ ಒರಗಿತು, ಕೆಳಗಿಂದ ಹಲಗೆಯೊಂದು ಎದ್ದು ಬಂದು ಮೀನಖಂಡವನ್ನು ಎತ್ತಿ ಹಿಡಿಯಿತು. ಚಳಿಗೆ ಬೆಚ್ಚಗಾಗುವ, ಸೆಕೆಗೆ ತಣ್ಣಗಾಗುವ ಸೀಟು. ಬೆನ್ನಿಗೆ ಯಾರೋ ಮುಷ್ಟಿಯಿಂದ ಮೆತ್ತಗೆ ಗುದ್ದಿದಂತಾಗಿ ಅಜ್ಜಿ ಹಿಂದೆ ತಿರುಗಿ, ಯಾರದು ಎಂದಳು. ಅದು ಸೀಟೇ ಮೈಯೊತ್ತುವುದು ಎಂದು ತಿಳಿದ ಮೇಲೆ ಹಿಂದಕ್ಕೊರಗಿ ಕಣ್ಣುಮುಚ್ಚಿದಳು. ಇಬ್ಬರ ನಡುವೆ ನೀರಿನ ಬಾಟಲಿಗೆ ಪುಟ್ಟದೊಂದು ಫ್ರಿಜ್ಜು, ಬಾಗಿಲ ಅಂಚಿಗೆ ಬಣ್ಣಬಣ್ಣದ ಬೆಳಕು. ಬಾಗಿಲನ್ನು ಜೋರಾಗಿ ಹಾಕಬೇಕಿಲ್ಲ, ಮುಟ್ಟಿಸಿದರೆ ಸಾಕು, ತಾನೇ ಎಳೆದುಕೊಳ್ಳುತ್ತದೆ. ತಲೆಯ ಮೇಲೆ ಉದ್ದಕ್ಕೂ ಗಾಜು. ಬಿಸಿಲು ಜಾಸ್ತಿ ಎಂದು ಹುಡುಗಿ ಬಾಯಲ್ಲಿ ಹೇಳಿದಳು, ಗಾಜು ಹಾಲಿನಂತೆ ಬೆಳ್ಳಗಾಯಿತು. ಇದು ನಮ್ಮ ಸೊಸೆಗಿಂತ ವಾಸಿ, ಒಂದೇ ಸಲಕ್ಕೆ ಕೇಳುತ್ತೆ ಎಂದು ಓರಗಿತ್ತಿ ಮೆಚ್ಚಿಕೊಂಡಳು. ಅತ್ತ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಸೊಸೆ ಕೇಳಿಸದವಳಂತೆ ದಾರ ಕತ್ತರಿಸಿದಳು.

ಆಮೇಲೆ ಅಸಲು ಕೆಲಸ. ಎಡಗಡೆ ಬಾಗಿಲು ಹಳೇ ಕಾರಿನ ಎತ್ತರಕ್ಕೇ ಇತ್ತು, ಮೆಟ್ಟಿಲಿಲ್ಲ, ಹಿಡಿಯಿಲ್ಲ. ಬಲಗಡೆಯದು ಹುಡುಗಿ ಈ ಕೆಲಸಕ್ಕೆ ಸೇರಿದಾಗಿನಿಂದ ತಿದ್ದಿ ತೀಡಿ ಮಾಡಿದ್ದು. ಬಾಗಿಲು ತೆರೆದರೆ ಅಡಿಯ ಜಾಕಿಯ ಮೇಲೆ ಕಾರೇ ಮಂಡಿಯೂರಿದಂತೆ ತಗ್ಗುತ್ತದೆ, ಕೆಳಗಿಂದ ಅಗಲವಾದ ಮೆಟ್ಟಿಲೊಂದು ಹೊರಗೆ ಬರುತ್ತದೆ, ಪಕ್ಕದ ಕಂಬದಲ್ಲಿ ಸೊಂಟದ ಎತ್ತರಕ್ಕೇ ಕೈಗೆ ಸಿಗುವ ಹಿಡಿ. ಎರಡೂ ಕಡೆಯಿಂದ ಹತ್ತಿ ಇಳಿದು, ಟ್ಯಾಬಿನಲ್ಲಿ ಮೂಡುವ ಮುಖಗಳಲ್ಲಿ ಒಂದನ್ನು ಒತ್ತಬೇಕು. ಹಲ್ಲು ಬಿಟ್ಟು ನಗುವ ಮುಖದಿಂದ ಹಿಡಿದು ಗೋಳೋ ಎಂದು ಅಳುವ ಮುಖದವರೆಗೆ ಸಾಲಾಗಿ ಇದ್ದವು.

ಎಡಬಾಗಿಲಲ್ಲಿ ಮೊದಲು ಓರಗಿತ್ತಿ ಹತ್ತಿದಳು. ಹೇಗೆ ಹತ್ತಿದಳೋ ಅವಳಿಗೇ ಗೊತ್ತು, ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಇಳಿದು ಬಂದು ಸೆರಗು ಸರಿಮಾಡಿಕೊಂಡು ನಗುವ ಮುಖವನ್ನು ಒತ್ತಿದಳು. ಇನ್ನು ಅಜ್ಜಿ ಬಿಟ್ಟಾಳೆಯೇ? ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಬಾಗಿಲ ಚೌಕಟ್ಟಿಗೆ ನೇತುಬಿದ್ದು ಹತ್ತಿದಳು. ಕಣ್ಣಲ್ಲಿ ಬೆಂಕಿಯ ಕಿಡಿ ಹಾರಿತು. ಹೇಗಿದೆ ಅಜ್ಜಿ ಎಂದು ಹುಡುಗಿ ಅದೇ ಕಕ್ಕುಲಾತಿಯಿಂದ ಕೇಳಿದಾಗ, ಇಷ್ಟು ಆದರದಿಂದ ಕರೆಸಿ, ಚಹಾ ಕೊಟ್ಟು, ಕಾಲು ಮುಟ್ಟಿ ವಿಚಾರಿಸಿದ ಮಗುವಿನ ಕಾರಿಗೆ ಕುಂದು ಹೇಳಿ ಹೆಸರಿಡುವುದು ಯಾವ ಬಾಯಲ್ಲಿ? ಹೂವಿನ ಪಲ್ಲಕ್ಕಿ ಹತ್ತಿದ ಹಾಗಿದೆ ಮಗಳೇ ಎಂದು ಅಜ್ಜಿಯೂ ನಗುಮುಖ ಒತ್ತಿದಳು. ಬಲಬಾಗಿಲಲ್ಲಿ ನಿಜವಾಗಿಯೂ ಸುಖವಾಗಿತ್ತು. ಅಲ್ಲಿಯೂ ನಗುಮುಖ. ಅದಕ್ಕಿಂತ ದೊಡ್ಡ ನಗು ಆ ಸಾಲಿನಲ್ಲಿ ಇರಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಅಜ್ಜಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಅಯ್ಯೋ ಅಮ್ಮಾ ಎಂದು ರಾಗ ಎಳೆದಳು. ಸೊಸೆ ಪಾತ್ರೆಯನ್ನು ಎಂದಿಗಿಂತ ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು.

"ಅತ್ತೆ, ಆ ಕಾಲಿಗೆ ಅವತ್ತು ಶೆಡ್ಡಲ್ಲಿ ಏನಾಗಿತ್ತು?"

ಅಜ್ಜಿ ಎಣ್ಣೆ ಕೈಯನ್ನು ಹಾಗೇ ಹಿಡಿದುಕೊಂಡಳು.

"ನನಗೆ ದಿನಾ ಓದಿ ಹೇಳೋ ಪುರಾಣದಲ್ಲಿ ಅಲ್ಲಿ ಒಂದು ಸಾಲೂ ಬಾಯಿಗೆ ಬರಲಿಲ್ವಾ? ಆ ಅಳತೆ ಹುಡುಗಿಯ ಮೆಟ್ಟಿಲು ತೆಗೆದುಹಾಕ್ತಿದ್ದಾರೆ."

ಸೊಸೆ ಹೇಳಿದ್ದು ಇಷ್ಟು. ಕಾರು ಹತ್ತಿ ನೋಡಲು ಬಂದ ಮುದುಕ ಮುದುಕಿಯರೆಲ್ಲ ಈ ಇಬ್ಬರ ಹಾಗೇ ಎರಡೂ ಕಡೆ ನಗುಮುಖ ಒತ್ತಿ, ಚಹಾ ಕುಡಿದು, ಹುಡುಗಿಯ ತಲೆ ಸವರಿ ಹೋಗಿದ್ದರು. ದೊಡ್ಡ ಸಾಹೇಬರು ಅದನ್ನು ನೋಡಿ, ಮೆಟ್ಟಿಲಿದ್ದರೂ ನಗು, ಇಲ್ಲದಿದ್ದರೂ ನಗು, ಹಾಗಾದರೆ ಇಷ್ಟೆಲ್ಲ ಖರ್ಚು ಯಾಕೆ ಎಂದರು. ಬಣ್ಣ ಬದಲಿಸುವ ಗಾಜಿನ ಮಾಡು ಎಲ್ಲ ಕಾರಿಗೂ ಬರಲಿ, ಮೆಟ್ಟಿಲು, ಹಿಡಿ, ಮಂಡಿಯೂರುವುದು ಬೇಕಾದರೆ ಕೇಳಿದವರಿಗೆ ಮೇಲುಖರ್ಚಿನಲ್ಲಿ ಹಾಕಿಕೊಟ್ಟರಾಯಿತು ಎಂದು ಹೇಳಿದ್ದರು. ಯಾವ ಮಗನೂ ಕಾರು ಬುಕ್ ಮಾಡುವಾಗ ಅಮ್ಮನ ಮೊಣಕಾಲನ್ನು ನೆನೆದು ಅದನ್ನು ಬೇಕೆನ್ನುವುದಿಲ್ಲ, ಹಾಗಾಗಿ ಅದು ಅಲ್ಲಿಗೆ ಮುಗಿದ ಹಾಗೆ ಎಂದು ಅಳತೆ ಹುಡುಗಿ ಸೊಸೆಯ ಮೇಜಿನ ಹತ್ತಿರ ನಿಂತು ಹೇಳಿದಳಂತೆ. ಅವಳನ್ನು ಬಾಗಿಲ ಅಂಚಿನ ದೀಪಕ್ಕೆ ಬಣ್ಣ ಆರಿಸುವ ಕೆಲಸಕ್ಕೆ ಹಾಕುತ್ತಾರಂತೆ. ಹೇಳುವಾಗ ಅವಳು ಚರ್ಮದ ಚೂರೊಂದನ್ನು ಮಡಿಸಿ ಬಿಚ್ಚಿ ಮಾಡುತ್ತಲೇ ಇದ್ದಳಂತೆ.

ಅಜ್ಜಿ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮನೆಯಲ್ಲಿ ಸಾರಿನ ಉಪ್ಪಿನಿಂದ ಹಿಡಿದು ಆಕಾಶದ ಮೋಡದವರೆಗೆ ಹೆಸರಿಡುವ ತಾನು, ಕೇಳಿ ಕೇಳಿ ಹೆಸರಿಡಲು ಕರೆದ ಜಾಗದಲ್ಲಿ ಬೆಣ್ಣೆ ಹಚ್ಚಿ ಬಂದಿದ್ದಳು. ಹುಡುಗಿಯ ಮನಸ್ಸು ನೋಯದಿರಲೆಂದು ಮಾಡಿದ್ದು ಅವಳ ಕೆಲಸದ ಬುಡಕ್ಕೇ ಬಂದಿತ್ತು.

ಎದ್ದು ಮುಂದಿನ ಕೋಣೆಗೆ ಹೋದಳು. ಓರಗಿತ್ತಿ ಮಂಚದ ಮೇಲೆ ಕೂತು ಕಾಲು ಚಾಚಿಕೊಂಡಿದ್ದವಳು ಇವಳನ್ನು ಕಂಡು ಥಟ್ಟನೆ ಮಡಿಸಿಕೊಂಡಳು, ಮಡಿಸುವಾಗ ಮುಖ ಕಿವುಚಿತು. ಅಜ್ಜಿ ಇರುವುದನ್ನೆಲ್ಲ ಹೇಳಿ, ಇಬ್ಬರೂ ಹೋಗಿ ನೋವಾಯಿತು ಎಂದು ಒಪ್ಪಿಕೊಂಡು ಬರೋಣ ಎಂದಳು.

"ನೋವಾ? ಯಾರಿಗೆ?" ಎಂದಳು ಓರಗಿತ್ತಿ. "ನಿನಗೆ ಆಗಿದ್ರೆ ನೀನು ಹೇಳ್ಕೊ. ನನಗೇನಾಗಿದೆ?"

ಹಾಗಾದರೆ ಒಬ್ಬಳೇ ಹೇಳಬೇಕು. ಅದೂ ಇವಳ ಎದುರಿಗೇ ಹೇಳಬೇಕು, ಯಾಕೆಂದರೆ ಬರುವುದಿಲ್ಲ ಎನ್ನುವ ಜಾತಿಯಲ್ಲ ಇವಳು, ತಮಾಷೆ ನೋಡಲಾದರೂ ಬಂದೇ ಬರುತ್ತಾಳೆ. ಒಂದು ಸಲ ಆಗುವುದಿಲ್ಲ ಎಂದು ಬಾಯಿಬಿಟ್ಟರೆ ಇರುವಷ್ಟು ದಿನವೂ ಆ ಮಾತು ಊಟದ ತಟ್ಟೆಯ ಪಕ್ಕದಲ್ಲೇ ಇರುತ್ತದೆ. ಅಜ್ಜಿ ತನ್ನ ಕೋಣೆಗೆ ಹೋದಳು. ಕಣ್ಣ ಮುಂದೆ ಬಂದದ್ದು ನೆಲದ ಮೇಲೆ ಕೂತು, ಉತ್ತರಕ್ಕಾಗಿ ಮುಖ ನೋಡುತ್ತಿದ್ದ ಆ ಹುಡುಗಿಯೇ. ಆಮೇಲೆ ಸೊಸೆಯನ್ನು ಕರೆದು, ಇನ್ನೊಂದು ಸಲ ಹತ್ತುತ್ತೇನೆ, ಆ ಸಾಹೇಬರು ಎದುರಿಗಿರಬೇಕು ಎಂದು ಹೇಳಿ ಕಳಿಸಿದಳು.

ಸಾಹೇಬರು ಒಳ್ಳೆಯವರೇ, ಚಹಾದ ಲೋಟ ಹಿಡಿದು ಬಂದು ನಿಂತರು. ಅಳತೆ ಹುಡುಗಿ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಓರಗಿತ್ತಿ ಗೋಡೆ ಪಕ್ಕದ ಕುರ್ಚಿಯಲ್ಲಿ ಮದುವೆಮನೆಯ ಹಿರಿಯಳಂತೆ ಕೂತಿದ್ದಳು. ಈ ಸಲ ಅಜ್ಜಿ ಚಪ್ಪಲಿ ಬಿಡಲಿಲ್ಲ. ಎಡಬಾಗಿಲಿಗೆ ಹೋಗಿ ಒಂದು ಕಾಲನ್ನು ಒಳಗಿಟ್ಟಳು, ಕೈ ಹಿಡಿಗಾಗಿ ತಡಕಾಡಿ ಕೊನೆಗೆ ಸೀಟಿನ ಅಂಚನ್ನು ಹಿಡಿಯಿತು. ಇನ್ನೊಂದು ಕಾಲು ನೆಲ ಬಿಡಲಿಲ್ಲ. ಹೋದ ಸಲ ಇಲ್ಲಿಯೇ ಹಲ್ಲು ಕಚ್ಚಿದ್ದಳು. ಈಗಲೂ ಹಲ್ಲು ತಾನಾಗಿಯೇ ಕಚ್ಚಿಕೊಳ್ಳಲು ಬಂತು. ಅಜ್ಜಿ ಬಾಯಿ ತೆರೆದಳು.

"ಮಗಳೇ, ಆಗ್ತಿಲ್ಲ. ಹೋದ ಸಲವೂ ಆಗಿರಲಿಲ್ಲ. ನೀನು ಅಷ್ಟು ಪ್ರೀತಿಯಿಂದ ಕೇಳ್ದೆ, ನಿನ್ನ ಕಾರಿಗೆ ಹೆಸರಿಡೋಕೆ ಮನಸ್ಸು ಬರಲಿಲ್ಲ. ಸುಳ್ಳು ಒತ್ತಿದೆ. ಇದು ಬಾಗಿಲಲ್ಲ ತಾಯಿ, ಅಟ್ಟ. ಮನೆಗೆ ಹೋಗಿ ಎಂಟು ದಿನ ನೆಲಕ್ಕೆ ಕಾಲೂರಲಿಲ್ಲ ನಾನು."

ಎಂಟು ದಿನ ಎಂಬುದು ಬಡಾಯಿ. ಮಾರನೇ ಬೆಳಗ್ಗೆಯೇ ತರಕಾರಿಯವನ ಜೊತೆ ಜಗಳಕ್ಕೆ ಬೀದಿಯಲ್ಲಿ ನಿಂತಿದ್ದಳು. ಮಿಕ್ಕದ್ದೆಲ್ಲ ಅಪ್ಪಟ ನಿಜ.

ಸಾಹೇಬರು ಲೋಟವನ್ನು ಕೆಳಗಿಟ್ಟು ಓರಗಿತ್ತಿಯ ಕಡೆ ತಿರುಗಿ, ನಿಮಗೆ ಏನೂ ಆಗಿರಲಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ಎಲ್ಲರೂ ಆ ಕಡೆ ನೋಡಿದರು. ಅಜ್ಜಿ ನೋಡಲಿಲ್ಲ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಸಿಕ್ಕಿಕೊಂಡವಳಿಗೆ ತಿರುಗಲಾಗಲಿಲ್ಲ. ಗೆದ್ದ ನಗು ಈಗ ಕೇಳಿಸುತ್ತದೆ ಎಂದು ಕಾದಳು. ಕೇಳಿಸಿದ್ದು ಕುರ್ಚಿ ಸರಿದ ಸದ್ದು. ಬೆನ್ನಿಗೆ ಎರಡು ಕೈ ಬಂದವು.

"ಅವಳು ಅರ್ಧದಲ್ಲಿ ಸಿಕ್ಕೊಂಡಿದ್ದಾಳೆ, ನೀವು ಪ್ರಶ್ನೆ ಕೇಳ್ತಾ ನಿಂತಿದ್ದೀರಲ್ಲ ಸ್ವಾಮಿ," ಎಂದಳು ಓರಗಿತ್ತಿ. ಅಜ್ಜಿಯ ಸೊಂಟ ಹಿಡಿದು ಕೆಳಗಿಳಿಸಿದಳು. ಇಳಿಸುವ ಭಾರಕ್ಕೆ ಅವಳದೇ ಮೊಣಕಾಲು ಕಟಕ್ಕೆಂದಿತು, ಶೆಡ್ಡಿನಲ್ಲೆಲ್ಲ ಕೇಳಿಸುವಷ್ಟು. ಬಾಗಿಲು ಹಿಡಿದು ಸಾವರಿಸಿಕೊಂಡು ಹುಡುಗಿಗೆ ಹೇಳಿದಳು, "ಇವಳದೇನು ನೋವು, ಬಿಡು. ಬರ್ಕೋ ನನ್ನದು. ಬಲಗಾಲು ಹತ್ತುವಾಗ, ಎಡಗಾಲು ಇಳಿಯುವಾಗ, ಎರಡೂ ಸುಮ್ಮನೆ ಕೂತಾಗ."

"ಅಕ್ಕ, ನನಗೆ ಮಲಗಿದಾಗಲೂ ನೋಯುತ್ತೆ," ಎಂದಳು ಅಜ್ಜಿ.

"ನಿನಗೆ ಮಲಗಿದಾಗ. ನನಗೆ ಮಲಗಬೇಕು ಅಂದ್ಕೊಂಡಾಗಲೇ ಶುರು."

ಇಷ್ಟು ವರ್ಷ ಯಾರದು ಗಟ್ಟಿ ಎಂದು ನಡೆದಿದ್ದ ಪಂದ್ಯ ಯಾರದು ಹೆಚ್ಚು ಹಾಳಾಗಿದೆ ಎಂದು ತಿರುಗಿಕೊಂಡಿತು. ಹುಡುಗಿಯ ಬೆರಳು ಟ್ಯಾಬಿನ ಮೇಲೆ ಓಡಿ ಓಡಿ ದಣಿಯಿತು. ಕಟ್ಟಕಡೆಯ ಅಳುಮುಖದ ಮೇಲೆ ಇಬ್ಬರ ಬೆರಳೂ ಒಟ್ಟಿಗೇ ಬಿದ್ದು, ಅದು ಯಾರ ಪಾಲಿಗೆ ಎಂಬ ಜಗಳ ಬೇರೆ. ಸೊಸೆ ಮೆಷಿನ್ ನಿಲ್ಲಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಸಾಹೇಬರು ಮಾತ್ರ ನಗಲಿಲ್ಲ. ತೆರೆದ ಎಡಬಾಗಿಲನ್ನೇ ನೋಡುತ್ತಾ ನಿಂತಿದ್ದವರು, "ನಮ್ಮಮ್ಮನೂ ಕಾರು ಚೆನ್ನಾಗಿದೆ ಕಣಪ್ಪ ಅಂತಾನೇ ಹೇಳ್ತಾರೆ. ಆದ್ರೆ ಹೊರಗೆ ಹೋಗೋಣ ಅಂದ್ರೆ ಬರೋದೇ ಇಲ್ಲ," ಎಂದರು. ಆಮೇಲೆ ಹುಡುಗಿಗೆ, ಬಂದುಹೋದ ಎಲ್ಲ ಹಿರಿಯರನ್ನೂ ಮತ್ತೆ ಕರೆಸು, ಹೇಗಿದೆ ಎಂದು ಮಾತ್ರ ಕೇಳಬೇಡ, ಕಾರನ್ನು ಬೈಯಲು ಕರೆದಿದ್ದೇವೆ ಎಂದು ಹೇಳು ಎಂದರು. ಎಲ್ಲರೂ ಬಂದರಂತೆ, ಬಾಯ್ತುಂಬ ಬೈದರಂತೆ. ಎಡಬಾಗಿಲ ಕಡೆ ಒಂದು ನಗುಮುಖವೂ ಉಳಿಯಲಿಲ್ಲವಂತೆ.

ಕಾರು ಹೊರಬಂದ ಕಾಲಕ್ಕೆ ಒಂದು ಬೆಳಗ್ಗೆ ಮನೆಯ ಮುಂದೆ ಹೊಳೆಯುವ ಬೆಟ್ಟವೊಂದು ಬಂದು ನಿಂತಿತು. ಸ್ಟೀರಿಂಗಿನ ಹಿಂದೆ ಅಳತೆ ಹುಡುಗಿ. ಸಾಹೇಬರೇ ಕೊಟ್ಟು ಕಳಿಸಿದ್ದಂತೆ, ಓರಗಿತ್ತಿಯರನ್ನು ಸುತ್ತಾಡಿಸಿಕೊಂಡು ಬಾ ಎಂದು. ಮೆಟ್ಟಿಲು, ಹಿಡಿ, ಮಂಡಿಯೂರುವುದು ಈಗ ಎಲ್ಲ ಕಾರಿಗೂ ಬರುತ್ತದೆ, ಬಣ್ಣ ಬದಲಿಸುವ ಗಾಜಿನ ಮಾಡೇ ಮೇಲುಖರ್ಚಿಗೆ ಹೋಯಿತು ಎಂದು ಹುಡುಗಿ ಹೇಳಿದಳು. ಹೇಳಿ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು.

"ಅಜ್ಜಿ, ಎಲ್ಲರೂ ನನ್ನನ್ನ ಹೊಗಳಿ ಹೋದ್ರು. ಉಳಿಸಿದ್ದು ಮೊದಲು ಬೈದ ನೀವು."

ಅಜ್ಜಿಗೆ ಬಡಾಯಿ ಬಾಯಿಗೆ ಬರಲಿಲ್ಲ. ನನ್ನ ಕಾಲನ್ನ ಕೇಳಿದವಳು ನೀನೊಬ್ಬಳೇ ಮಗಳೇ ಎಂದಷ್ಟೇ ಹೇಳಿ ಅವಳ ಕೆನ್ನೆ ಸವರಿದಳು. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು, ಬಣ್ಣ ಸ್ವಲ್ಪ ಮಂಕು, ದೀಪದ ಕಣ್ಣು ಮೆಳ್ಳೆಗಣ್ಣು, ಅವತ್ತು ಶೆಡ್ಡಲ್ಲಿ ಕೂತಾಗ ಫ್ರಿಜ್ಜಿನ ಬಾಗಿಲು ಮೊಣಕೈಗೆ ತಗಲಿತ್ತು ಎಂದು ಒಂದೊಂದಾಗಿ ಹೆಸರಿಟ್ಟಳು. ಹುಡುಗಿಯ ಮುಖ ಅರಳುತ್ತಾ ಹೋಯಿತು. ಫ್ರಿಜ್ಜಿನ ಮಾತನ್ನು ಅವಳು ನಿಜಕ್ಕೂ ಬರೆದುಕೊಂಡಳು.

ಹುಡುಗಿ ಹಿಂದಿನ ಬಾಗಿಲು ತೆರೆದಳು. ಬೆಟ್ಟ ಮೆಲ್ಲಗೆ ತಗ್ಗಿತು, ಕೆಳಗಿಂದ ಮೆಟ್ಟಿಲು ಹೊರಗೆ ಬಂದು ನಿಂತಿತು. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಮೊದಲು ನೀನು ಹತ್ತಕ್ಕ, ನಿನಗೆ ನೋವು ಹೆಚ್ಚು ಎಂದಳು ಅಜ್ಜಿ. ಇಲ್ಲ ಕಣೇ, ನೀನೇ ಹತ್ತು, ನಿನ್ನ ನೋವಿನ ಮುಂದೆ ನನ್ನದೇನು ಎಂದಳು ಓರಗಿತ್ತಿ. ಇಬ್ಬರ ಕಣ್ಣೂ ಒದ್ದೆ, ಇಬ್ಬರ ಕೈಯೂ ಒಬ್ಬರ ಬೆನ್ನ ಮೇಲೆ ಒಬ್ಬರದು, ಇಬ್ಬರ ಒಂದೊಂದು ಕಾಲು ಮಾತ್ರ ಆಗಲೇ ಮೆಟ್ಟಿಲಿನ ಅಂಚಿಗೆ ಬಂದಿತ್ತು. ಸೊಸೆ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಾಳೆ, ಕೇಳಿದರೆ ಬಾಯಿಬಿಡುವುದಿಲ್ಲ. ನೀವೇ ಹೇಳಿ ನೋಡೋಣ, ಮೊದಲು ಹತ್ತಿ ಸೀಟು ಹಿಡಿದವಳು ಯಾರು?